ಹನ್ನೆರಡನೆಯ ಬಾಟಲಿ ಮುಟ್ಟಬೇಡಿ

ಉರಿಶಕೆ ೧೬೩, ಹದಿಮೂರನೆಯ ತಿಂಗಳು, ಮೂವತ್ತೆಂಟನೆಯ ದಿನ
ನಂದಿಯ ತಪ್ಪಲು

ಪಿಳ್ಳಪ್ಪನವರಿಗೆ,

ನೀವು ನನ್ನ ಮುತ್ತಜ್ಜನ ಅಜ್ಜ. ತಾತ ಎಂದು ಬರೆಯಬೇಕಿತ್ತು, ಮನಸ್ಸು ಒಪ್ಪಲಿಲ್ಲ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಇಡೀ ಬದುಕಿನಲ್ಲಿ ಒಂದೇ ಕಾಗದ. ಜನ ಸತ್ತ ತಾಯಿಗೆ ಬರೆಯುತ್ತಾರೆ. ನಾನು ನಿಮ್ಮನ್ನು ಬೈಯಲು ಬರೆಯುತ್ತಿದ್ದೇನೆ. ತಾರೀಖು, ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ.

ಇಲ್ಲಿ ತಂಪನ್ನು ಅಳೆದು ಕೊಡುತ್ತಾರೆ. ಮನೆಗೊಂದು ತಂಪುಪಾಲು, ಅಂದರೆ ಒಂದು ಕೋಣೆಯನ್ನು ಹಗಲು ಹೊತ್ತು ತಣ್ಣಗಿಡಲು ಸಾಕಾಗುವಷ್ಟು ಕರೆಂಟು. ಬೆಳಿಗ್ಗೆ ಎಂಟಕ್ಕೆಲ್ಲ ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟು ಆ ಕೋಣೆ ಸೇರುತ್ತೇವೆ. ಸೊಪ್ಪು ಬಿಡಿಸುವುದು, ಮಕ್ಕಳ ಪಾಠ, ಓರಗಿತ್ತಿಯರ ಜಗಳ ಎಲ್ಲವೂ ಅಲ್ಲೇ. ಔಷಧಿ, ಹಾಲು, ಬಿತ್ತನೆ ಬೀಜಕ್ಕೆ ಬೇಕಾದ ತಂಪನ್ನು ಊರಸಭೆ ಕೊಡುತ್ತದೆ. ನೀವು ಬಂಡೆ ಕೊರೆಸಿ ಮಾಡಿದ ವೈನಿನ ನೆಲಮಾಳಿಗೆಗೂ ಹೋದ ವರ್ಷದವರೆಗೆ ಸಭೆಯೇ ಕೊಡುತ್ತಿತ್ತು. ಬಂಡೆಯೂ ಈಗ ಕಾಯುತ್ತದೆ, ಪಿಳ್ಳಪ್ಪನವರೇ.

ಅಲ್ಲಿ ನನ್ನ ಸೆಮಿಯೋನ್ ವೈನಿನ ಬಾಟಲಿಗಳು ಅಡ್ಡ ಮಲಗಿವೆ. ನಿಮ್ಮದೇ ಸೆಮಿಯೋನ್ ಬಳ್ಳಿಯ ಕಡ್ಡಿ ನೆಟ್ಟು ಬೆಳೆದ ಬಿಳಿ ದ್ರಾಕ್ಷಿ. ನೀವು ಬರೆದಿಟ್ಟಂತೆಯೇ ಸಿಹಿ ಏರುವ ಮೊದಲು ಕೊಯ್ದೆ. ಮೊದಲ ವರ್ಷ ನೀರಿನ ಬಣ್ಣ, ನಿಂಬೆಯ ಹುಳಿ, ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ. ಹಲ್ಲು ಜುಮ್ಮೆನ್ನುತ್ತಿತ್ತು, ಚೆನ್ನಾಗಿತ್ತು. ಈಗ ಏಳನೆಯ ವರ್ಷ. ಎಳೆತನ ಹೋಗಿದೆ, ಹಣ್ಣುತನ ಬಂದಿಲ್ಲ, ವೈನ್ ಬಾಯಿ ಮುಚ್ಚಿ ಕೂತಿದೆ. ಇದಕ್ಕೆ ನಾವು ಮೂಕಗಾಲ ಎನ್ನುತ್ತೇವೆ. ಇದು ದಾಟಿದರೆ ಚಿನ್ನದ ಬಣ್ಣ, ಬೆಣ್ಣೆ ಹಚ್ಚಿ ಸುಟ್ಟ ಬ್ರೆಡ್ಡು, ಜೇನು ಎಂದು ಪುಸ್ತಕಗಳು ಹೇಳುತ್ತವೆ. ಅವು ಬೇರೆ ದೇಶದ ಪುಸ್ತಕಗಳು. ಈ ಬೆಟ್ಟದ ವೈನ್ ಅಲ್ಲಿಯವರೆಗೆ ಹೋಗುತ್ತದೆಯೇ ಎಂದು ನೋಡಿ ಹೇಳಬೇಕಾದವರು ನೀವು.

ನೀವು ಮಾಡಿದ್ದೇನು? ಒಂದೇ ಕೊಯ್ಲಿನ ಹನ್ನೆರಡು ಬಾಟಲಿ ಎತ್ತಿಟ್ಟಿರಿ. ಹಣ್ಣಾಯಿತೇ ನೋಡೋಣವೆಂದು ವರ್ಷಕ್ಕೊಂದು ತೆರೆದು, ಖಾಲಿ ಬಾಟಲಿಯ ಕತ್ತಿಗೆ ಒಂದೊಂದು ಚೀಟಿ ಕಟ್ಟಿದಿರಿ. "ಇನ್ನೂ ಹಸಿ." "ಸಪ್ಪೆ, ಕಾಯಬೇಕು." "ಕಾಯಬೇಕು." ಕಾಯಬೇಕೆಂದು ಬರೆಯುವ ಕೈಗೆ ಕಾಯಲು ಬರಲಿಲ್ಲ. ಬೆಂದಿದೆಯೇ ಎಂದು ಅಗುಳು ಬಾಯಿಗೆ ಹಾಕುತ್ತಲೇ ಪಾತ್ರೆ ಬರಿದು ಮಾಡಿದಿರಿ. ಈ ಕಾಗದ ತಲುಪುವ ಹೊತ್ತಿಗೆ ಹನ್ನೆರಡನೆಯದನ್ನು ನೀವಿನ್ನೂ ಮುಟ್ಟಿರುವುದಿಲ್ಲ, ಆದರೆ ಅದರ ಚೀಟಿಯೂ ನನ್ನ ಮುಂದಿದೆ. ಮೊಮ್ಮಗಳ ನಾಮಕರಣದ ದಿನ ತೆರೆದು ಬರೆಯುತ್ತೀರಿ: "ಸುಟ್ಟ ಬ್ರೆಡ್ಡಿನ ವಾಸನೆ ಈಗ ಶುರುವಾಗಿದೆ. ಇನ್ನೊಂದು ಇದ್ದಿದ್ದರೆ." ಬೇಯುವ ತನಕ ಕಾದವರಿಗೆ ಆರುವ ತನಕ ಕಾಯಲಾಗಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ಸಭೆಯವರು ನನ್ನ ವೈನ್ ರುಚಿ ನೋಡಿ ಅಕ್ಕಿ ತೊಳೆದ ನೀರು ಎಂದರು. ನಾನು ನಿಮ್ಮ ಕೊನೆಯ ಚೀಟಿ ತೋರಿಸಿದೆ. ಸಭೆಯ ಯಜಮಾನಿ ಪಾಪಮ್ಮ ಅದನ್ನು ಎರಡು ಸಲ ಓದಿ ಕೆಳಗಿಟ್ಟರು. "ಹೊಗೆ ಕಂಡೆ ಅಂತ ಬರ್ದವ್ನೆ ನಿಮ್ ತಾತ. ಅನ್ನ ಉಂಡೆ ಅಂತ ಎಲ್ಲಿ ಬರ್ದವ್ನೆ?" ಎಂದರು. ನೆಲಮಾಳಿಗೆಯ ತಂಪು ನಿಂತಿತು. ಬೇಕಿದ್ದರೆ ಒಂದು ವರ್ಷ ನಿನ್ನ ಮನೆಯ ಪಾಲು ಹಾಕಿಕೋ, ಅಷ್ಟರಲ್ಲಿ ಪುರಾವೆ ತಾ ಎಂದರು. ಹಾಕಿದೆ. ನಮ್ಮ ಕೋಣೆ ಒಲೆಯಾಯಿತು. ಎಪ್ಪತ್ತೆಂಟು ವರ್ಷದ ಅಪ್ಪ ಎರಡು ಸಲ ಎಚ್ಚರ ತಪ್ಪಿ ಬಿದ್ದ ಮೇಲೆ ನನ್ನ ತಂಗಿಯ ಮನೆಗೆ ಹೊರಟ. ಬಾಗಿಲಲ್ಲಿ ನಿಂತು, "ಆ ಬಾಟ್ಲಿಗಿರೋ ತಂಪು ನಂಗಿಲ್ವೇನವ್ವ?" ಎಂದ. ನಾನು ಅವನ ಚೀಲ ಎತ್ತಿ ಗಾಡಿಗೆ ಇಟ್ಟೆ. ನಾಚಿಕೆಯಾಯಿತು, ಈಗಲೂ ಆಗುತ್ತದೆ. ಆ ನಾಚಿಕೆಯ ಅರ್ಧ ಪಾಲು ನಿಮ್ಮದು.

ಬಾಟಲಿ ನನಗೆ ಬೇಡ. ಇಷ್ಟು ಕಾಲದಲ್ಲಿ ಅದೂ ಸತ್ತಿರುತ್ತದೆ. ಚೀಟಿ ಬೇಕು. ಹನ್ನೆರಡನೆಯದನ್ನು ಇಪ್ಪತ್ತನೆಯ ವರ್ಷದವರೆಗೆ ಮುಟ್ಟಬೇಡಿ. ನಾಮಕರಣಕ್ಕೆ ಪಾಯಸ ಮಾಡಿಸಿ. ಆಮೇಲೆ ತೆರೆದು, ನಾಲಿಗೆಗೆ ಏನು ಸಿಕ್ಕಿತೋ ಅದನ್ನೇ ಬರೆಯಿರಿ. ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಬರೆಯಿರಿ, ಸುಳ್ಳು ಬೇಡ.

ವರ್ಷದ ಗಡುವು ನಾಳೆ ಮುಗಿಯುತ್ತದೆ. ಬೆಳಿಗ್ಗೆ ಪಾಪಮ್ಮನವರ ಎದುರು ನಿಮ್ಮ ಕೊನೆಯ ಬಾಟಲಿಯ ಚೀಟಿ ಓದುತ್ತೇನೆ. ನೀವು ಕಾದಿದ್ದರೆ ಅದರ ಅಕ್ಷರ ಬದಲಾಗಿರುತ್ತದೆ. ಬದಲಾಗಿರದಿದ್ದರೆ, ಈ ಕಾಗದ ಓದಿಯೂ ನೀವು ಕುಡಿದಿರಿ ಎಂದೇ ನಂಬುತ್ತೇನೆ. ಆಮೇಲೆ ನನ್ನ ಬಾಟಲಿಗಳನ್ನೆಲ್ಲ ಹಿತ್ತಿಲಿಗೆ ಸುರಿದು, ತಂಪನ್ನು ಕೋಣೆಗೆ ತಿರುಗಿಸಿ, ಅಪ್ಪನನ್ನು ಕರೆತರುತ್ತೇನೆ. ಒಂದೊಂದನ್ನೂ ನಿಮ್ಮ ಹೆಸರು ಹೇಳಿಯೇ ಸುರಿಯುತ್ತೇನೆ. ಅದನ್ನು ತರ್ಪಣವೆಂದುಕೊಳ್ಳಬೇಡಿ.

ಅಕ್ಕಯಮ್ಮ