ಉಳ್ಳಾಗಡ್ಡಿ ಕಲ್ಲು

ತೊರಗಲ್ಲ, ತಾ. ರಾಮದುರ್ಗ
೭-೨-೨೦೨೪, ಬುಧವಾರ

ಪ್ರಣಿತಾನ ಅಪ್ಪಾರಿಗೆ ಆಕಿ ಅವ್ವನ ನಮಸ್ಕಾರ.

ನಿಮ್ಮ ಕೆಮ್ಮು ಹ್ಯಾಂಗೈತ್ರಿ? ರತ್ನಾಗಿರಿ ಕಡೆ ಸಮುದ್ರದ ಗಾಳಿ ಎದಿಗೆ ಆಗಂಗಿಲ್ಲ ಅಂತಾರ, ಗ್ವಾಡಿ ಕಟ್ಟೂ ಮುಂದ ಕಿವಿಗೆ ಟಾವೆಲ್ ಸುತ್ಕೋರಿ. ನಾ ಸಮುದ್ರ ನೋಡಿದಾಕಿ ಅಲ್ಲ, ಆದ್ರ ನಿನ್ನೆ ಮಧ್ಯಾಹ್ನ ಅಡ್ಡಾದಾಗ ಕನಸಿನ್ಯಾಗ ಬಂತು. ನೀವು ದುಡೀತಿದ್ದ ಸುಣ್ಣದ ಕಲ್ಲಿನ ಖಣಿ ತುಂಬ ಹಸರ ನೀರು. ತಳದಾಗ ನಮ್ಮ ಮೊದಲಿನ ಕೂಸು ಅಂಗಾತ ಮಲಗಿತ್ತು, ಕಣ್ಣು ತೆರದಿತ್ತು. ದಂಡಿಗೆ ನಿಂತು ಕರೀಬೇಕಂದ್ರ ಏನಂತ ಕರೀಲಿ? ಹೆಸರು ಇಡೂಕಿಂತ ಮೊದಲ ಹೋತಲ್ರಿ. ಎದ್ದಾಗ ಬಾಯಿ ಉಪ್ಪುಪ್ಪು ಆಗಿತ್ತು.

ಖಣಿ ಈಗ ಬಂದ್ ಆಗೇತಿ. ಒಂದು ಹರಳೂ ಒಯ್ಯಬಾರದಂತ ಸರಕಾರದವರು ಬೋರ್ಡ್ ಹಾಕ್ಯಾರ. ಕಲ್ಲಿನ ಅಭ್ಯಾಸ ಮಾಡಾಕ ಧಾರವಾಡದಿಂದ ಸಂಘಮಿತ್ರಾ ಅಂತ ಮೇಡಂ ಬಂದಾರ. ನೀವೆಲ್ಲ ಉಳ್ಳಾಗಡ್ಡಿ ಕಲ್ಲು ಅಂತಿದ್ರಲ್ಲ, ಸುತ್ತ ಸುತ್ತ ಪದರಿಂದು, ಅದನ್ನ ಕೂಸಿನ ತಲಿ ಸವರಿದಂಗ ಸವರತಾರ. ಕೋಟಿಗಟ್ಟಲೆ ವರ್ಷದ ಹಿಂದ ಇಲ್ಲಿ ಖರೇನ ಸಮುದ್ರ ಇತ್ತಂತ್ರಿ! ಕಣ್ಣು ಬಾಯಿ ಇಲ್ಲದ ಪಾಚಿ ಬಿಸಲಿಗೆ ಮುಖ ಮಾಡಿ ಪದರ ಪದರ ಬೆಳದು ಕಲ್ಲಾತಂತ. ನಾಕನೇ ಇಯತ್ತೆಗೆ ಸಾಲಿ ಬಿಟ್ಟಾಕಿ, ತಿಳದಷ್ಟು ಬರದೇನಿ. ಬಿಡಿ ಕಲ್ಲಿಗೆಲ್ಲ ಬಿಳಿ ಬಣ್ಣದಾಗ ನಂಬರ್ ಹಾಕ್ಯಾರ. ಬಾಜೂ ಮನಿ ರಾಚವ್ವ "ಕಲ್ಲಿಗೂ ಆಧಾರ ಕಾರ್ಡ್ ಬಂತ ನೋಡವಾ" ಅಂದ್ಳು. ನಾನೂ ನಕ್ಕೆ. ಆಮ್ಯಾಲ ಖಣಿ ದಂಡಿಗೆ ಬೇವಿನ ಗಿಡದ ಬುಡಕ, ಕೂಸಿನ ಮಣ್ಣು ಮಾಡಿದಲ್ಲಿ ನೀವು ಗುರುತಿಗೆ ಇಟ್ಟ ಕಲ್ಲು ನೋಡಿದೆ. ಹದಿನಾಕು ಅಂತ ಬರದಾರ. ಹೆಸರಿಲ್ಲದ್ದಕ್ಕ ನಂಬರರೆ ಬಂತಲ್ಲ ಅನಿಸಿ ಅಲ್ಲೇ ಕುಂತೆ. ಕಲ್ಲು ಬೆಚ್ಚಗಿತ್ರಿ.

ಪ್ರಣಿತಾ ಆರಾಮ ಅದಾಳ, ನಿಮಗ ನಮಸ್ಕಾರ ಹೇಳ್ಯಾಳ. ಹೊತ್ತಿಗೆ ಸರಿ ಉಣ್ಣರಿ.

ನಿಮ್ಮ
ಕೃಷ್ಣವ್ವ

ತಾ.ಕ.: ಮರತು ಬಿಟ್ಟಿದ್ದಲ್ಲ, ಮ್ಯಾಲ ಬರಿಯಾಕ ಕೈ ಬರಲಿಲ್ಲ. ಖಣಿ ಸುತ್ತ ತಂತಿ ಬೇಲಿ ಹಾಕ್ತಾರ. ಭಾರತ ಹುಣ್ಣಿಮಿ ಮರುದಿನ ಕಂಬದ ಗುಂಡಿ ತೋಡ್ತಾರ, ಒಂದರ ಗುರುತು ನಮ್ಮ ಕಲ್ಲಿನ ದಕ್ಷಿಣಕ್ಕ ಒಂದ ಮೊಳದಾಗ ಬಿದ್ದೈತಿ. ಹೆಣ್ಣಮಕ್ಕಳು ಮಣ್ಣಿಗೆ ಬರಬಾರದಂತ ಅತ್ತಿ ಅವತ್ತ ನನ್ನ ಬಾಗಲದಾಗ ನಿಲ್ಲಿಸಿದ್ರು, ನಾ ನೋಡಿಲ್ಲ. ತಲಿ ದಕ್ಷಿಣಕ್ಕ ಮಾಡಿದ್ದು ಗೊತ್ತೈತಿ. ಕಲ್ಲು ತಲಿ ಕಡೆ ಇದ್ರ ಕೂಸು ಕಲ್ಲಿನ ಉತ್ತರಕ್ಕ ಮಲಗೇತಿ, ಚಿಂತಿಲ್ಲ. ಕಾಲ ಕಡೆ ಇದ್ರ ಕೂಸು ಕಲ್ಲಿನ ದಕ್ಷಿಣಕ್ಕ ಮಲಗೇತಿ, ಗುಂಡಿ ಅದರ ಮ್ಯಾಲ ಬರ್ತೈತಿ. ಮೇಡಂಗ ಹೇಳಿದ್ರ ಕಂಬ ಸರಸ್ತಾರ, ಆದ್ರ ಯಾವ ಕಡೆಗೆ ಅನ್ಲಿ? ಫೋನಿನ್ಯಾಗ ಕೇಳಿದಾಗ "ತಲಿ ಕಡೆ" ಅಂದ್ರಿ, ಕೆಮ್ಮಿದ್ರಿ, ಆಮ್ಯಾಲ "ಕಾಲ ಕಡೆನೋ ಏನೋ" ಅಂದ್ರಿ. ಕಣ್ಣು ಮುಚ್ಚಿ, ಕೂಸನ್ನ ಕೈಯಾಗ ಹಿಡದಂಗ ಇನ್ನೊಮ್ಮೆ ನೆನಸಿ ಬರೀರಿ. ತಲಿ ಕಡೆನೋ, ಕಾಲ ಕಡೆನೋ?