ಮೂರು ಬಾಗಿಲಿನ ಸಭಾಂಗಣ

ಏಪ್ರಿಲ್ 14, ಭಾನುವಾರ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ವಾರಗಳೇ ಕಳೆದವು. ಉತ್ತರ ಬರೆಯಲು ಇವತ್ತು ಕೈಗೂಡಿತು, ಬೈದುಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರ ಮಾತೂ ಪೂರ್ತಿಯಾಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ತನ್ನ ಪಾಡಿಗೆ ತಾನು ನೋಯುತ್ತಿದೆ. ಪುಟಾಣಿಯ ಮುಂದಿನ ಹಲ್ಲು ಬಿದ್ದ ಸುದ್ದಿ ಓದಿ ನಕ್ಕೆ. ಅಳಿಯಂದಿರಿಗೆ ಈ ಊರಿಗೇ ವರ್ಗವಾದದ್ದು ಸಂತೋಷ. ಸಾಮಾನು ಕಟ್ಟುವಾಗ ಗಾಜಿನವನ್ನು ನೀನೇ ಕಟ್ಟು, ಅವರ ಕೈಗೆ ಕೊಡಬೇಡ.

"ಅಮ್ಮಾ, ನಿಮ್ಮ ಶಾಲೇಲಿ ಈಗ ಏನೇನು ಸೌಲಭ್ಯ ಇದೆ?" ಎಂದು ನೀನು ಕೇಳಿದ್ದೆ. ನೀನು ಅಕ್ಷರ ಕಲಿತದ್ದು ಅಲ್ಲೇ, ನಾನು ಮುಖ್ಯೋಪಾಧ್ಯಾಯಿನಿಯಾಗಿರುವುದೂ ಅಲ್ಲೇ. ಆದರೂ ಕೇಳಿದೆಯಲ್ಲ, ಹೇಳುತ್ತೇನೆ. ನಮ್ಮದು ಚರ್ಚಿನ ಸಭೆಯವರೇ ಸೇರಿ ನಡೆಸುವ ಶಾಲೆ. ಸರ್ಕಾರದ ನೆರವೂ ಇಲ್ಲ, ದೊಡ್ಡ ಸಂಸ್ಥೆಯ ನೆರಳೂ ಇಲ್ಲ. ಈ ವರ್ಷ ಒಂದನೇ ತರಗತಿಗೆ ಇಪ್ಪತ್ತು ಮಕ್ಕಳಾದರೂ ಸೇರದಿದ್ದರೆ ಆ ತರಗತಿಯನ್ನೇ ನಿಲ್ಲಿಸುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಕೆಳಗಿನ ಮೆಟ್ಟಿಲು ಕಿತ್ತರೆ ಮೇಲಿನದಕ್ಕೆ ಹತ್ತುವವರು ಯಾರು? ಇದುವರೆಗೆ ಬಂದದ್ದು ಹದಿನೇಳು. ಹದಿನೆಂಟನೆಯವಳು ನನ್ನ ಮೊಮ್ಮಗಳು ಎಂದು ಮೀಟಿಂಗಿನಲ್ಲಿ ಎದೆ ತಟ್ಟಿ ಹೇಳಿ ಬಂದಿದ್ದೆ.

ಮಕ್ಕಳನ್ನು ಸೆಳೆಯಲು ಅಧ್ಯಕ್ಷರು ಹೊಳೆಯುವ ಕಾಗದದಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಕಟ್ಟಡದ ಕಂಟ್ರಾಕ್ಟರಾಗಿದ್ದವರು ನೋಡು, ಬಾಯಲ್ಲೇ ಮಹಡಿ ಕಟ್ಟುತ್ತಾರೆ. ಅದರಲ್ಲಿ 'ಪ್ರಶಾಂತ ಪ್ರಾರ್ಥನಾ ಮಂದಿರ, ವಿಶಾಲ ಭೋಜನಶಾಲೆ, ಒಳಾಂಗಣ ಕ್ರೀಡಾಂಗಣ' ಎಂದಿದೆ. ಮೂರೂ ಯಾವುದು ಗೊತ್ತಾಯಿತೇ? ನಮ್ಮ ಹಳೆಯ ಸಭಾಂಗಣ! ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಬುತ್ತಿ, ಸಂಜೆ ಬ್ಯಾಡ್ಮಿಂಟನ್. ಶಿಲುಬೆಯ ಕೆಳಗಿನ ಮೊಳೆಗೇ ನೆಟ್ ಕಟ್ಟುವುದು.

ನಿನ್ನೆ ಶಾಲೆ ನೋಡಲು ಒಂದು ದಂಪತಿ ಮಗನ ಜೊತೆ ಬಂದರು. ಗಂಡ ಪುಸ್ತಿಕೆಯ ಮೇಲೆ ಬೆರಳಿಟ್ಟು "ಒಂದೊಂದಾಗಿ ತೋರಿಸಿ" ಅಂದರು. ನಾನು ಏಳುವ ಮೊದಲೇ ವಾಚ್‌ಮನ್ ಅವರನ್ನು ಕರೆದುಕೊಂಡು ಹೊರಟ. ಅಧ್ಯಕ್ಷರು ಅವನಿಗೆ ಮೊದಲೇ ಪಾಠ ಹೇಳಿಕೊಟ್ಟಿದ್ದರೆಂದು ನನಗೆ ಆಮೇಲೆ ತಿಳಿಯಿತು. ಮುಂಬಾಗಿಲಿನಿಂದ ಒಳಗೆ ಬಿಟ್ಟು "ಇದು ಪ್ರಾರ್ಥನೆ ಜಾಗ" ಅಂದ. ಹೊರಗೆ ಕರೆತಂದು, ಕೈತೋಟ ಸುತ್ತಿಸಿ, ಪಕ್ಕದ ಬಾಗಿಲಿನಿಂದ ಬಿಟ್ಟು "ಇದು ಊಟದ ಜಾಗ" ಅಂದ. ಮತ್ತೆ ಹೊರಗೆ, ನೀರಿನ ಟ್ಯಾಂಕ್ ದಾಟಿ, ಹಿಂಬಾಗಿಲು.

ನಾನು ಕುಂಟುತ್ತಾ ಹೋಗುವಷ್ಟರಲ್ಲಿ ಆ ಹುಡುಗ ಚಪ್ಪಾಳೆ ತಟ್ಟಿ, "ಅಮ್ಮಾ, ಮತ್ತೆ ಅಲ್ಲಿಗೇ ಬಂದ್ವಿ!" ಎಂದು ಕುಣಿಯುತ್ತಿದ್ದ.

ಹೆಂಡತಿ ತಲೆ ಎತ್ತಿ ನೋಡಿ, "ಹೌದು ರೀ, ಇದೇ ಫ್ಯಾನು. ಪ್ರಾರ್ಥನೇಲೂ ಕಿರ್ ಅಂತಿತ್ತು, ಊಟದಲ್ಲೂ ಕಿರ್ ಅಂತಿತ್ತು" ಅಂದಳು.

ಗಂಡ ನನ್ನ ಕಡೆ ತಿರುಗಿ, "ಏನು ಮೇಡಂ ಇದು?"

"ಒಂದೇ ಹಾಲ್ ಸಾರ್. ಮೂರಕ್ಕೂ ಇದೇ" ಅಂದೆ. ಇನ್ನೇನು ಹೇಳಲಿ? ಅವರು ನಕ್ಕು, ಪುಸ್ತಿಕೆಯನ್ನು ನನ್ನ ಕೈಗೇ ವಾಪಸ್ ಕೊಟ್ಟು ಹೋದರು. ಹುಡುಗ ಇನ್ನೊಂದು ಸುತ್ತು ಹಾಕಬೇಕೆಂದು ಹಟ ಹಿಡಿದಿದ್ದ. ಸೇರಿಸಿದ್ದರೆ ಚೂಟಿಯಾಗಿ ಓದುತ್ತಿದ್ದ.

ಸಂಜೆ ಅಧ್ಯಕ್ಷರು ನನ್ನ ಮೇಲೇ ಹಾರಿಬಿದ್ದರು. "ಸುಳ್ಳೇನಿದೆ ಮೇಡಂ ಅದ್ರಲ್ಲಿ? ಅಲ್ಲಿ ಪ್ರಾರ್ಥನೆ ಮಾಡಲ್ವಾ? ಊಟ ಮಾಡಲ್ವಾ?"

"ನಮ್ಮನೆ ವರಾಂಡದಲ್ಲಿ ನಾನು ಬಟ್ಟೆನೂ ಒಣಗಿಸ್ತೀನಿ, ಪೇಪರೂ ಓದ್ತೀನಿ ಸಾರ್. ಹಾಗಂತ ನಂಗೆ ಲಾಂಡ್ರಿ ಇದೆ, ಲೈಬ್ರರಿ ಇದೆ ಅಂತ ಬೋರ್ಡ್ ಹಾಕ್ಕೊಳ್ಳಲಾ?"

ಸಭಾಪಾಲಕರು ಅಲ್ಲೇ ಇದ್ದರು. ಒಳ್ಳೆಯವರು, ಆದರೆ ಜಗಳದ ವಾಸನೆ ಬಂದರೆ ಸಾಕು, ಕಣ್ಣು ಮುಚ್ಚಿ "ಪ್ರಾರ್ಥಿಸೋಣ" ಎನ್ನುತ್ತಾರೆ. ನಾವು ಆಮೆನ್ ಹೇಳಿ ಕಣ್ಣು ಬಿಡುವಷ್ಟರಲ್ಲಿ ಅಧ್ಯಕ್ಷರು ಮುಂದಿನ ವಿಷಯಕ್ಕೆ ದಾಟಿರುತ್ತಾರೆ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಬೇಕೆಂದು ನಾನು ಇಡೀ ವರ್ಷ ಕೇಳಿದ್ದೂ ಹೀಗೇ ಆಮೆನ್‌ನಲ್ಲಿ ಕರಗಿಹೋಯಿತು. ಈಗಲೂ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಒಳಗಿನವಳು ಹೆದರದಿರಲಿ ಎಂದು ಹೊರಗಿನವಳು ಮಗ್ಗಿ ಹೇಳುತ್ತಿರುತ್ತಾಳೆ. ನಮ್ಮ ಹುಡುಗಿಯರು ಮಗ್ಗಿಯಲ್ಲಿ ಮುಂದಿರುವುದು ಏಕೆಂದು ಆ ಪುಸ್ತಿಕೆಯಲ್ಲಿ ಬರೆದಿಲ್ಲ.

ಇದು ನಮ್ಮ ಸೌಲಭ್ಯ. ಉಳಿದಂತೆ ಮೇಷ್ಟ್ರುಗಳು ಇದ್ದಾರೆ. ಪ್ರತಿ ಮಗುವಿನ ಹೆಸರು, ಮನೆ, ಜ್ವರ, ಹಟ ಎಲ್ಲ ಅವರಿಗೆ ಗೊತ್ತು. ಅದನ್ನು ಅಚ್ಚು ಹಾಕಿಸಿ ಎಂದರೆ, "ಅದು ಫೋಟೋದಲ್ಲಿ ಬರಲ್ಲ ಮೇಡಂ" ಅಂದರು ಅಧ್ಯಕ್ಷರು.

ಸಾಕು, ತಲೆ ಬಿಸಿಯಾಯಿತು. ಪ್ರಯಾಣದಲ್ಲಿ ಪುಟಾಣಿಯನ್ನು ಕಿಟಕಿಯ ಪಕ್ಕ ಕೂರಿಸಬೇಡ, ಗಂಟಲು ಕೆಡುತ್ತದೆ. ದೇವರು ನಿಮ್ಮ ಮೂವರನ್ನೂ ಒಂದು ಗೀರೂ ಬೀಳದಂತೆ ಇಲ್ಲಿಗೆ ಮುಟ್ಟಿಸಲಿ ಎಂದು ದಿನಾ ಬೇಡುತ್ತೇನೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೊದಲೇ ಬರೆಯಲು ಮನಸ್ಸಾಗಲಿಲ್ಲ. ಗುರುವಾರ ಶಾಲೆಯ ಸಮವಸ್ತ್ರದ ವಿಷಯಕ್ಕೆ ಟೈಲರ್ ಹತ್ತಿರ ಹೋಗಿದ್ದೆ. ಈಜುಕೊಳ ಇರುವ ಆ ದೊಡ್ಡ ಶಾಲೆಯವರಿಗೂ ಅವನೇ ಹೊಲಿಯುವುದು. ಅವರ ನೀಲಿ ಸ್ಕರ್ಟೊಂದನ್ನು ಎತ್ತಿ ಹಿಡಿದು, "ನಿಮ್ಮ ಮೊಮ್ಮಗಳದ್ದೇ ಮೇಡಂ. ನಿಮ್ಮ ಬೀಗಿತ್ತಿಯವರು ಅಳತೆ ಕೊಟ್ಟು ಹೋದ್ರು. ಬೇಗ ಎತ್ತರ ಆಗ್ತಾಳಂತೆ, ಅಂಚು ಜಾಸ್ತಿ ಬಿಟ್ಟಿದ್ದೀನಿ" ಅಂದ. ನನಗೆ ಗೊತ್ತಿರುತ್ತದೆ ಎಂದೇ ಹೇಳಿದ, ಪಾಪ. ನಾನೂ ಗೊತ್ತಿರುವವಳ ಹಾಗೆ ತಲೆಯಾಡಿಸಿದೆ.

ಸಿಟ್ಟಿಲ್ಲ ಎನ್ನುವುದಿಲ್ಲ. ಆದರೆ ಮಗಳು ನಿನ್ನವಳು, ಶಾಲೆ ಆರಿಸುವ ಹಕ್ಕೂ ನಿನ್ನದೇ. ಮನೆಗೆ ಬಂದು ನನ್ನ ಎದುರು ಕೂತು "ಬೇಡಮ್ಮಾ" ಅಂದಿದ್ದರೆ ಜಗಳವಾಡಿ, ಅತ್ತು, ಊಟಕ್ಕೆ ಬಡಿಸುತ್ತಿದ್ದೆ. ನನಗೆ ಹೇಳಲು ನಿನಗೆ ಭಯವಾಯಿತಲ್ಲ, ಅದೊಂದು ಗಂಟಲಿನಲ್ಲಿ ಇಳಿಯುತ್ತಿಲ್ಲ.

ಸ್ಕರ್ಟನ್ನು ನಾನೇ ತಂದೆ. ಸೊಂಟದ ಹೊಲಿಗೆ ಸಡಿಲವಾಗಿತ್ತು, ಬಿಚ್ಚಿ ಗಟ್ಟಿಯಾಗಿ ಹಾಕಿದ್ದೇನೆ. ನಿನ್ನ ಅತ್ತೆಯ ಹತ್ತಿರ ಕಳಿಸುವುದಿಲ್ಲ. ನೀನೇ ಬಂದು ತೆಗೆದುಕೊಂಡು ಹೋಗು.