ತೇಲುವ ಚೀಲದಲ್ಲಿ ಆರು ಮೀನು

ತಮ್ಮಾ,

ಬೆಳಿಗ್ಗೆ ಎದುರುಮನೆ ಗೋಡೆಯೂ ಕಾಣದಷ್ಟು ಮಂಜು. ನೀನು ಮಲಗಿದ್ದೆ, ಎಬ್ಬಿಸಲಿಲ್ಲ.

ಅಂಗಡಿಯಲ್ಲಿ ಒಂಟಿಯಾಗಿದೆಯಲ್ಲ ಎಂದು ಮರುಗಿ ಆ ದೊಡ್ಡ ಮೀನನ್ನು ನಿನ್ನ ತೊಟ್ಟಿಗೆ ಬಿಟ್ಟವಳು ನಾನೇ. ಅದು ನಿನ್ನ ಆರು ಪುಟ್ಟ ಮೀನುಗಳನ್ನು ನುಂಗಿದ ದಿನದಿಂದ ನೀನು ಮಾತು ಬಿಟ್ಟೆ. ಮನೆಯಲ್ಲಿ ಇರುವವರೇ ನಾವಿಬ್ಬರು, ದೇವರ ಮುಂದೆ ಪ್ರಾರ್ಥಿಸುವಾಗ ಬಿಟ್ಟರೆ ನನ್ನ ದನಿ ನನಗೇ ಕೇಳಿಸದು.

ಆ ಮಂಜಿನಲ್ಲೇ ಅಂಗಡಿಗೆ ಹೋಗಿ ದೊಡ್ಡದನ್ನು ವಾಪಸು ಕೊಟ್ಟೆ. "ನಿಮ್ಮ ಕನಿಕರ ಅದರ ಹೊಟ್ಟೆಗೇನು ಗೊತ್ತು, ಅಕ್ಕಾ?" ಎಂದು ಅಂಗಡಿಯವನು ನಕ್ಕ.

ಅದು ಕಿತ್ತಿದ್ದ ಗಿಡಗಳನ್ನು ಮರಳಲ್ಲಿ ಮತ್ತೆ ಊರಿದ್ದೇನೆ, ಅಲುಗಿಸಬೇಡ. ಸಂಜೆವರೆಗೆ ತೊಟ್ಟಿಯ ದೀಪ ಹಾಕಬೇಡ, ಹೊಸಬರು ಬೆದರುತ್ತಾರೆ.

ಹೌದು, ಹೊಸಬರು. ತೊಟ್ಟಿಯಲ್ಲಿ ತೇಲುವ ಚೀಲದಲ್ಲಿ ಅದೇ ಜಾತಿಯ ಆರು ಮೀನುಗಳಿವೆ. ಎದ್ದ ಕೂಡಲೇ ಗಂಟು ಬಿಚ್ಚು. ನಿನ್ನವು ನಿನ್ನ ಕೈಯಿಂದಲೇ ನೀರಿಗಿಳಿಯಲಿ.

ಅಕ್ಕ